ಮೇಷ್ಟ್ರ ಪುಸ್ತಕ 'ವಿದೇಶಿ' ಆದ ಕತೆ: ಮಾಸ್ಪೆರೋ ಪ್ರಕಾಶನ ಮತ್ತು 1972ರ ಒಂದು ನಿಷೇಧ

1972ರಲ್ಲಿ ಪ್ಯಾರಿಸ್ಸಿನ ಒಂದು ಪ್ರಕಾಶನ ಕ್ಯಾಮರೂನ್ ದೇಶದ ಬಗ್ಗೆ ಒಂದು ಪುಸ್ತಕ ತಂದಿತು. ಬರೆದವರು ಫ್ರಾನ್ಸಿನ ರೂಆಂ ಊರಿನ ಲಿಸೆಯಲ್ಲಿ, ಅಂದರೆ ಹೈಸ್ಕೂಲಿನಲ್ಲಿ, ಪಾಠ ಹೇಳುತ್ತಿದ್ದ ಮೇಷ್ಟ್ರು. ಸಂಬಳ ಕೊಡುತ್ತಿದ್ದದ್ದು ಫ್ರಾನ್ಸ್ ಸರ್ಕಾರ. ಪುಸ್ತಕದ ಭಾಷೆ ಫ್ರೆಂಚ್. ಪ್ರಕಾಶಕರು ಪ್ಯಾರಿಸ್ಸಿನಲ್ಲೇ ಹುಟ್ಟಿ ಬೆಳೆದವರು. ಆದರೂ ಗೃಹಮಂತ್ರಿ ರೇಮೊಂ ಮಾರ್ಸೆಲಾಂ ಅದನ್ನು ವಿದೇಶಿ ಮೂಲದ ಬರಹ ಎಂದು ಕರೆದು ನಿಷೇಧಿಸಿದರು. ಪೊಲೀಸರು ಪ್ರತಿಗಳನ್ನು ಹೊತ್ತೊಯ್ದರು.

ಲೇಖಕರು ಮೊಂಗೊ ಬೆಟಿ. ಪ್ರಕಾಶಕರು ಫ್ರಾನ್ಸ್ವಾ ಮಾಸ್ಪೆರೋ. ಪುಸ್ತಕದ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ 'ಕ್ಯಾಮರೂನ್ ಕಬಳಿಕೆ: ಒಂದು ಸ್ವಾತಂತ್ರ್ಯದ ಪೋಸ್ಟ್‌ಮಾರ್ಟಂ' ಎನ್ನಬಹುದು. ನಿಷೇಧ ತೆರವಾಗಲು ನಾಲ್ಕು ವರ್ಷ ಬೇಕಾಯಿತು.

ಸಮಾಜ ವಿಜ್ಞಾನ, ರಾಜಕೀಯ ಚಿಂತನೆ ಎಂದರೆ ಫ್ರಾನ್ಸಿನ ಓದುಗರಿಗೆ ಇವತ್ತು ಮೊದಲು ನೆನಪಾಗುವ ಪ್ರಕಾಶನಗಳಲ್ಲಿ ಲಾ ದೆಕುವೆರ್ತ್ ಒಂದು. ಅದು ಮಾಸ್ಪೆರೋ ಕಟ್ಟಿದ ಮನೆಯ ಮುಂದುವರಿಕೆ. ಅವರ ದೊಡ್ಡ ಪುಸ್ತಕಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ. ನಾನು ಈ ಒಂದು ಪುಸ್ತಕದ ಪ್ರಕರಣ ಹಿಡಿದುಕೊಂಡಿದ್ದೇನೆ. ಅಚ್ಚು ಹಾಕಿ ಮಾರುವುದು ಪ್ರಕಾಶಕನ ಕೆಲಸದ ಒಂದು ಭಾಗ ಅಷ್ಟೇ. ಪುಸ್ತಕ ಸಿಕ್ಕಿಬಿದ್ದಾಗ ಅವನು ಏನು ಮಾಡುತ್ತಾನೆ ಅನ್ನುವುದು ಇಲ್ಲಿ ಕಣ್ಣಿಗೆ ಕಟ್ಟುವಂತಿದೆ.

ಅಂಗಡಿ ಮತ್ತು ಪ್ರಕಾಶನ

ಮಾಸ್ಪೆರೋ ಹುಟ್ಟಿದ್ದು 1932ರಲ್ಲಿ, ವಿದ್ವಾಂಸರ ಮನೆಯಲ್ಲಿ. ಅಜ್ಜ ಗಾಸ್ತೊಂ ಮಾಸ್ಪೆರೋ ಈಜಿಪ್ಟಿನ ಪುರಾತನ ಇತಿಹಾಸದಲ್ಲಿ ದೊಡ್ಡ ಹೆಸರು. ತಂದೆ ಆಂರಿ ಮಾಸ್ಪೆರೋ ಚೀನಾ ಅಧ್ಯಯನದ ಪಂಡಿತರು. ಜರ್ಮನ್ನರು ಫ್ರಾನ್ಸನ್ನು ಆಕ್ರಮಿಸಿಕೊಂಡಿದ್ದ ಕಾಲದಲ್ಲಿ ಈ ಮನೆ ಛಿದ್ರವಾಯಿತು. ಅಣ್ಣ 1944ರಲ್ಲಿ ಯುದ್ಧದಲ್ಲಿ ಸತ್ತರು. ತಂದೆ 1945ರಲ್ಲಿ ನಾಜಿಗಳ ಬುಖನ್‌ವಾಲ್ಡ್ ಶಿಬಿರದಲ್ಲಿ ತೀರಿಕೊಂಡರು. ತಾಯಿ ಮಾತ್ರ ರಾವೆನ್ಸ್‌ಬ್ರೂಕ್ ಶಿಬಿರದಿಂದ ಬದುಕಿ ಬಂದರು. ಆಗ ಹುಡುಗನಿಗೆ ಹದಿಮೂರು ವರ್ಷ. ಮುಂದೆ ಅವರು ಹಿಡಿದ ಹಠಕ್ಕೆಲ್ಲ ಇದೇ ಕಾರಣ ಎಂದು ಹೇಳಿಬಿಡುವುದು ಸುಲಭ. ನಾನು ಹಾಗೆ ಹೇಳುವುದಿಲ್ಲ. ಆದರೆ ಸರ್ಕಾರದ ಮುದ್ರೆ ಬಿದ್ದ ಮಾತ್ರಕ್ಕೆ ಒಂದು ಆದೇಶ ನ್ಯಾಯವಾಗುವುದಿಲ್ಲ ಅನ್ನುವುದನ್ನು ಅವರಿಗೆ ಯಾರೂ ಪುಸ್ತಕದಿಂದ ಕಲಿಸಬೇಕಿರಲಿಲ್ಲ.

ವಿದ್ವಾಂಸರ ದಾರಿ ಬಿಟ್ಟು ಅವರು ಪುಸ್ತಕದಂಗಡಿ ಇಟ್ಟರು. ಪ್ಯಾರಿಸ್ಸಿನ ಲ್ಯಾಟಿನ್ ಕ್ವಾರ್ಟರ್‌ನ ಸಾಂ-ಸೆವೆರಾಂ ಬೀದಿಯಲ್ಲಿದ್ದ ಆ ಅಂಗಡಿಯ ಹೆಸರು ಲಾ ಜ್ವಾ ದ ಲೀರ್, ಅಂದರೆ ಓದುವ ಖುಷಿ. ಮಧ್ಯರಾತ್ರಿಯ ತನಕ ಬಾಗಿಲು ತೆರೆದಿರುತ್ತಿತ್ತು. ವಿದ್ಯಾರ್ಥಿಗಳು, ಆಫ್ರಿಕಾದಿಂದ ಬಂದವರು, ಲ್ಯಾಟಿನ್ ಅಮೆರಿಕದಿಂದ ಓಡಿಬಂದವರು ಎಲ್ಲರೂ ಅಲ್ಲಿ ಸೇರುತ್ತಿದ್ದರು.

1959ರಲ್ಲಿ, 27ನೇ ವಯಸ್ಸಿಗೆ, ಅವರು ಪ್ರಕಾಶನ ಶುರು ಮಾಡಿದರು. ಆಗ ಫ್ರಾನ್ಸಿನ ಹಿಡಿತದಲ್ಲಿದ್ದ ಅಲ್ಜೀರಿಯಾದಲ್ಲಿ ಸ್ವಾತಂತ್ರ್ಯಕ್ಕಾಗಿ ಯುದ್ಧ ನಡೆಯುತ್ತಿತ್ತು. ಅದನ್ನು ಯುದ್ಧ ಎಂದು ಕರೆಯಲು ಸರ್ಕಾರ ತಯಾರಿರಲಿಲ್ಲ. ಸೇನೆ ಅಲ್ಲಿ ಜನರಿಗೆ ಚಿತ್ರಹಿಂಸೆ ಕೊಡುತ್ತಿದೆ ಎಂದು ಬರೆದ ಪುಸ್ತಕಗಳು ಒಂದರ ಹಿಂದೆ ಒಂದು ಜಪ್ತಿಯಾಗುತ್ತಿದ್ದವು. ಮಾಸ್ಪೆರೋ ಅಂಥವನ್ನೇ ಪ್ರಕಟಿಸಿದರು. ವಸಾಹತುಶಾಹಿಯ ವಿರುದ್ಧ ಬರೆದ ಚಿಂತಕ ಫ್ರಾಂಟ್ಜ್ ಫ್ಯಾನನ್ ಅವರ ಅಲ್ಜೀರಿಯಾ ಕುರಿತ ಬರಹ 1959ರಲ್ಲಿ ಬಂತು. ಅವರ ಕೊನೆಯ ದೊಡ್ಡ ಪುಸ್ತಕ 1961ರಲ್ಲಿ ಬಂತು. ಅದಕ್ಕೆ ಮುನ್ನುಡಿ ಬರೆದವರು ತತ್ವಜ್ಞಾನಿ ಸಾರ್ತ್ರ್. ಪುಸ್ತಕ ಹೊರಬಂದ ಕೂಡಲೇ ಜಪ್ತಿಯಾಯಿತು. ಅದೇ ವರ್ಷದ ಡಿಸೆಂಬರ್ 6ರಂದು ಫ್ಯಾನನ್ ಅಮೆರಿಕದ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಆಗ ಅವರಿಗೆ 36 ವರ್ಷ. 1961ರ ಅಕ್ಟೋಬರ್ 17ರಂದು ಪ್ಯಾರಿಸ್ಸಿನಲ್ಲೇ ಪೊಲೀಸರು ಅಲ್ಜೀರಿಯನ್ನರನ್ನು ಕೊಂದದ್ದರ ಬಗ್ಗೆ ಪೋಲೆಟ್ ಪೆಜು ಬರೆದ ಪುಟ್ಟ ಪುಸ್ತಕಕ್ಕೂ ಇದೇ ಗತಿಯಾಯಿತು. ಅಂಗಡಿಯ ಮೇಲೆ ಬಾಂಬ್ ದಾಳಿಯೂ ನಡೆಯಿತು.

ಜಪ್ತಿ ಎಂದರೆ ಏನು ಅಂತ ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಕಾಗದದ ದುಡ್ಡು ಹೋಗಿರುತ್ತದೆ. ಅಚ್ಚಿನ ಖರ್ಚು, ಬೈಂಡಿಂಗ್ ಖರ್ಚು ಆಗಿರುತ್ತದೆ. ಮಾರಲು ಮಾತ್ರ ಒಂದು ಪ್ರತಿಯೂ ಇರುವುದಿಲ್ಲ. ಮೇಲಿಂದ ಕೋರ್ಟು, ವಕೀಲರು, ದಂಡ. ದೊಡ್ಡ ಪ್ರಕಾಶನ ಇದನ್ನು ತಡೆದುಕೊಳ್ಳಬಹುದು. ಸಣ್ಣವರಿಗೆ ಎರಡು ಮೂರು ಜಪ್ತಿ ಸಾಕು, ಬಾಗಿಲು ಹಾಕಬೇಕಾಗುತ್ತದೆ. ಪುಸ್ತಕದ ಪ್ರತಿ ಸಾಲಿಗೂ ಕತ್ತರಿ ಹಾಕುವ ಕೆಲಸ ಅಧಿಕಾರಿಗಳಿಗೆ ಬೇಕಿರಲಿಲ್ಲ. ಪ್ರಕಾಶಕನ ಜೇಬಿಗೆ ಕತ್ತರಿ ಹಾಕಿದರೆ ಸಾಕಿತ್ತು.

ಮಾಸ್ಪೆರೋ ಹತ್ತು ವರ್ಷ ಇದನ್ನು ತಡೆದುಕೊಂಡರು. ಜೊತೆಜೊತೆಗೇ ಪಟ್ಟಿ ಬೆಳೆಯಿತು. ತತ್ವಜ್ಞಾನಿ ಅಲ್ತುಸೆರ್ ಮಾರ್ಕ್ಸ್ ಬಗ್ಗೆ ಬರೆದದ್ದು 1965ರಲ್ಲಿ ಅಲ್ಲೇ ಬಂತು. ಪುರಾತನ ಗ್ರೀಕರ ಮನಸ್ಸಿನ ಬಗ್ಗೆ ಇತಿಹಾಸಕಾರ ವೆರ್ನಾಂ ಬರೆದ ಪುಸ್ತಕವೂ ಅದೇ ವರ್ಷದ್ದು. 1967ರಿಂದ ಕಡಿಮೆ ಬೆಲೆಯ ಪಾಕೆಟ್ ಪುಸ್ತಕಗಳ ಮಾಲೆ ಶುರುವಾಯಿತು. ಚೆ ಗೆವಾರ ಬೊಲಿವಿಯಾದಲ್ಲಿ ಬರೆದ ದಿನಚರಿಯ ಫ್ರೆಂಚ್ ಅನುವಾದ 1968ರಲ್ಲಿ ಬಂತು. ಮೊಂಗೊ ಬೆಟಿ ತಮ್ಮ ಹಸ್ತಪ್ರತಿ ಹಿಡಿದು ಈ ಮನೆಗೆ ಬಂದದ್ದರಲ್ಲಿ ಆಶ್ಚರ್ಯ ಇಲ್ಲ. ಅಂಥ ಪುಸ್ತಕಕ್ಕೆ ಬೇರೆ ಬಾಗಿಲುಗಳು ಜಾಸ್ತಿ ಇರಲಿಲ್ಲ.

ಮೇಷ್ಟ್ರು ಯಾಕೆ ಬರೆದರು

ಮೊಂಗೊ ಬೆಟಿ ಅನ್ನುವುದು ಕಾವ್ಯನಾಮ. ಹೆಸರು ಅಲೆಕ್ಸಾಂಡರ್ ಬಿಯಿದಿ. ಅವರೂ 1932ರಲ್ಲೇ ಹುಟ್ಟಿದವರು, ಕ್ಯಾಮರೂನಿನಲ್ಲಿ. 1951ರಲ್ಲಿ ಓದಲು ಫ್ರಾನ್ಸಿಗೆ ಬಂದರು. ಮಿಷನ್ ಪಾದ್ರಿಗಳನ್ನೂ ಬಿಳಿಯರ ಆಡಳಿತವನ್ನೂ ಚುಚ್ಚುವ ಕಾದಂಬರಿಗಳನ್ನು ಬರೆದು ಇಪ್ಪತ್ತೈದರ ಆಸುಪಾಸಿನಲ್ಲೇ ಹೆಸರಾದರು. 1958ರ ನಂತರ ಬರೆಯುವುದನ್ನು ನಿಲ್ಲಿಸಿಬಿಟ್ಟರು. ಮದುವೆ, ಮೇಷ್ಟ್ರ ಕೆಲಸ, ಲ್ಯಾಟಿನ್ ಗ್ರೀಕ್ ಪಾಠ. ಹದಿನಾಲ್ಕು ವರ್ಷ ಒಂದು ಪುಸ್ತಕವೂ ಬರಲಿಲ್ಲ.

ಅವರನ್ನು ಮತ್ತೆ ಬರೆಯುವಂತೆ ಮಾಡಿದ್ದು ಒಂದು ವಿಚಾರಣೆ.

ಫ್ರೆಂಚ್ ಆಡಳಿತದಲ್ಲಿದ್ದ ಕ್ಯಾಮರೂನ್ 1960ರ ಜನವರಿ 1ರಂದು ಸ್ವತಂತ್ರವಾಯಿತು. ಆದರೆ ಸ್ವಾತಂತ್ರ್ಯ ಕೇಳಿ ಹೋರಾಡಿದ್ದ ಯುಪಿಸಿ ಪಕ್ಷಕ್ಕೆ ಅಧಿಕಾರ ಸಿಗಲಿಲ್ಲ. ಆ ಪಕ್ಷವನ್ನು 1955ರಲ್ಲೇ ನಿಷೇಧಿಸಲಾಗಿತ್ತು. ಅದರ ನಾಯಕ ರೂಬೆನ್ ಉಮ್ ನ್ಯೊಬೆ ಅವರನ್ನು 1958ರಲ್ಲಿ ಕಾಡಿನಲ್ಲಿ ಗುಂಡಿಟ್ಟು ಕೊಂದರು. ಅವರ ನಂತರದ ಫೆಲಿಕ್ಸ್ ಮುಮಿಯೆ 1960ರಲ್ಲಿ ಜಿನೀವಾದಲ್ಲಿ ವಿಷಪ್ರಾಶನದಿಂದ ಸತ್ತರು. ಅಧಿಕಾರಕ್ಕೆ ಬಂದವರು ಅಹ್ಮದು ಅಹಿಜೊ. ಫ್ರೆಂಚ್ ಸೇನೆ ಸ್ವಾತಂತ್ರ್ಯದ ನಂತರವೂ ಅವರ ಪರವಾಗಿ ಕಾದಾಡಿತು. ಹಳ್ಳಿಗಳು ಸುಟ್ಟವು. ಈ ಯುದ್ಧದ ಬಗ್ಗೆ ಫ್ರಾನ್ಸಿನ ಜನರಿಗೆ ಹೆಚ್ಚು ಗೊತ್ತೇ ಆಗಲಿಲ್ಲ.

ಯುಪಿಸಿಯ ಕೊನೆಯ ದೊಡ್ಡ ನಾಯಕ ಎರ್ನೆಸ್ಟ್ ವಾಂಡಿಯೆ 1970ರಲ್ಲಿ ಸಿಕ್ಕಿಬಿದ್ದರು. ಅವರ ಜೊತೆಗೆ ನ್ಕೊಂಗ್‌ಸಾಂಬದ ಬಿಷಪ್ ಆಲ್ಬರ್ಟ್ ನ್ಡೊಂಗ್ಮೊ ಅವರನ್ನೂ ಬಂಧಿಸಲಾಯಿತು. ರಾಜಧಾನಿ ಯಾವುಂಡೆಯ ಮಿಲಿಟರಿ ನ್ಯಾಯಾಲಯದಲ್ಲಿ ವಿಚಾರಣೆ ಬೇಗ ಬೇಗ ಮುಗಿಯಿತು. ಇಬ್ಬರಿಗೂ ಮರಣದಂಡನೆ. ಬಿಷಪ್‌ರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದರು. ವಾಂಡಿಯೆ ಅವರನ್ನು 1971ರ ಜನವರಿ 15ರಂದು ಬಾಫುಸಾಂ ಊರಿನಲ್ಲಿ ಜನರೆದುರೇ ಗುಂಡಿಟ್ಟು ಕೊಂದರು.

ರೂಆಂನಲ್ಲಿ ಕೂತು ಬೆಟಿ ಇದನ್ನೆಲ್ಲ ಪೇಪರುಗಳಲ್ಲಿ ಓದುತ್ತಿದ್ದರು. ಅವರಿಗೆ ಕೊಲೆಯಷ್ಟೇ ಸಿಟ್ಟು ತರಿಸಿದ್ದು ಆ ಪೇಪರುಗಳು. ಪ್ಯಾರಿಸ್ಸಿನ ದೊಡ್ಡ ಪತ್ರಿಕೆಗಳು, ಅದರಲ್ಲೂ ಎಲ್ಲರೂ ಗೌರವಿಸುವ ಲ ಮೋಂದ್, ಅಹಿಜೊ ಸರ್ಕಾರ ಹೇಳಿದ್ದನ್ನೇ ಒಪ್ಪಿ ಬರೆಯುತ್ತಿವೆ ಎಂದು ಅವರಿಗೆ ಕಂಡಿತು. ಹಾಗಾಗಿ ಪುಸ್ತಕ ಎರಡು ಕಡೆ ಏಟು ಕೊಡುತ್ತದೆ. ಒಂದು, ಕ್ಯಾಮರೂನಿನ ಆಡಳಿತ ಮತ್ತು ಅದರ ಹಿಂದೆ ನಿಂತ ಫ್ರಾನ್ಸ್. ಇನ್ನೊಂದು, ಸುಮ್ನೆ ನೋಡುತ್ತಾ ಕೂತ ಫ್ರೆಂಚ್ ಪತ್ರಿಕೆಗಳು. ಎರಡನೆಯ ಭಾಗವೇ ಹೆಚ್ಚು ಹರಿತವಾಗಿದೆ ಎಂದು ನನಗೆ ಅನ್ನಿಸುತ್ತದೆ. ಭಾಷೆಯ ಮೇಷ್ಟ್ರು ತಾನೇ. ಪತ್ರಿಕೆಯ ಒಂದೊಂದು ಪದ ಹಿಡಿದು ಯಾವ ಪದ ಏನನ್ನು ಮುಚ್ಚಿಡುತ್ತಿದೆ ಎಂದು ತೋರಿಸುತ್ತಾ ಹೋಗುತ್ತಾರೆ.

'ವಿದೇಶಿ ಮೂಲ' ಅನ್ನುವ ಎರಡು ಪದ

ಈಗ ಪ್ರಕರಣದ ತಿರುಳಿಗೆ ಬರೋಣ.

ಫ್ರಾನ್ಸಿನಲ್ಲಿ ಪತ್ರಿಕಾ ಸ್ವಾತಂತ್ರ್ಯದ ಕಾನೂನು 1881ರದ್ದು, ಬಹಳ ಉದಾರವಾದದ್ದು. ಮಂತ್ರಿಯೊಬ್ಬರು ಮನಸ್ಸಿಗೆ ಬಂದಂತೆ ಪುಸ್ತಕ ನಿಲ್ಲಿಸಲು ಅದರಲ್ಲಿ ಅವಕಾಶ ಇಲ್ಲ. ಆದರೆ 1939ರ ಮೇ 6ರಂದು, ಎರಡನೇ ಮಹಾಯುದ್ಧ ಹೊಸ್ತಿಲಲ್ಲಿದ್ದಾಗ, ನಾಜಿ ಪ್ರಚಾರ ತಡೆಯಲು ಒಂದು ತಿದ್ದುಪಡಿ ತಂದರು. ವಿದೇಶಿ ಭಾಷೆಯ ಬರಹಗಳನ್ನು ಗೃಹಮಂತ್ರಿ ನಿಷೇಧಿಸಬಹುದು. ಫ್ರೆಂಚಿನಲ್ಲೇ ಇದ್ದು ವಿದೇಶಿ ಮೂಲದ್ದಾಗಿದ್ದರೆ, ಅದು ಫ್ರಾನ್ಸಿನಲ್ಲೇ ಅಚ್ಚಾಗಿದ್ದರೂ, ನಿಷೇಧಿಸಬಹುದು. ನ್ಯಾಯಾಧೀಶರ ಅನುಮತಿ ಬೇಡ. ಕಾರಣ ಹೇಳಬೇಕಾಗಿಲ್ಲ. ಲೇಖಕರನ್ನು ಕೇಳಬೇಕಾಗಿಲ್ಲ.

ಹಿಟ್ಲರ್ ಹೋದ. ತಿದ್ದುಪಡಿ ಮಾತ್ರ ಉಳಿಯಿತು. ವಿದೇಶಿ ಮೂಲ ಎಂದರೆ ಏನು ಅಂತ ಕಾನೂನಿನಲ್ಲಿ ಎಲ್ಲೂ ಬಿಡಿಸಿ ಹೇಳಿರಲಿಲ್ಲ. ಲೇಖಕ ಹುಟ್ಟಿದ ಊರೋ? ಅವನ ಪಾಸ್‌ಪೋರ್ಟೋ? ಪುಸ್ತಕದ ವಿಷಯವೋ? ದುಡ್ಡು ಎಲ್ಲಿಂದ ಬಂತು ಅನ್ನುವುದೋ? ಮಂತ್ರಿಗೆ ಯಾವುದು ಬೇಕೋ ಅದು.

ಬೆಟಿ ಹೇಳುವಂತೆ ಒತ್ತಡ ಬಂದದ್ದು ಕ್ಯಾಮರೂನ್ ಕಡೆಯಿಂದ. ಪ್ಯಾರಿಸ್ಸಿನಲ್ಲಿ ಆಗ ಆ ದೇಶದ ರಾಯಭಾರಿಯಾಗಿದ್ದವರು ಫರ್ಡಿನಾಂಡ್ ಒಯೊನೊ. ಒಯೊನೊ ಕೂಡ ಕಾದಂಬರಿಕಾರರು. 1956ರಲ್ಲಿ ಬೆಟಿ ಮತ್ತು ಒಯೊನೊ ಇಬ್ಬರೂ ಬಿಳಿಯರ ಆಡಳಿತವನ್ನು ಗೇಲಿ ಮಾಡುವ ಕಾದಂಬರಿಗಳನ್ನು ತಂದಿದ್ದರು. ಜೋಡಿ ಹೆಸರುಗಳು ಎಂಬಂತೆ ಓದುಗರು ನೆನೆಯುತ್ತಿದ್ದರು. ಹದಿನಾರು ವರ್ಷ ಕಳೆದ ಮೇಲೆ ಒಬ್ಬರು ನಿಷೇಧಿತ ಲೇಖಕ. ಇನ್ನೊಬ್ಬರು ಆ ನಿಷೇಧ ಕೇಳಿದ ಸರ್ಕಾರದ ರಾಯಭಾರಿ. ಈ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ನೋವು ಕೊಡುವ ಸಂಗತಿ ಇದು.

ಬೆಟಿ ಫ್ರೆಂಚ್ ಪ್ರಜೆಯೇ ಅಲ್ಲ ಎಂಬ ವಾದವನ್ನೂ ಅಧಿಕಾರಿಗಳು ಎತ್ತಿದರು. ಇಪ್ಪತ್ತು ವರ್ಷದಿಂದ ಅಲ್ಲಿದ್ದವರು, ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವರು. ಈಗ ಪುಸ್ತಕದ ಜೊತೆಗೆ ಅವರ ಕೆಲಸ, ವಾಸ, ಪೌರತ್ವ ಎಲ್ಲವೂ ಅಲುಗಾಡತೊಡಗಿತು. ಪುಸ್ತಕವನ್ನು ವಿದೇಶಿ ಮಾಡಬೇಕಾದರೆ ಮೊದಲು ಮನುಷ್ಯನನ್ನು ವಿದೇಶಿ ಮಾಡಬೇಕಿತ್ತು.

ಸೋತ ಕೇಸು, ಗೆದ್ದ ಕೇಸು

ಮಾಸ್ಪೆರೋ ಈ ಕಾನೂನಿಗೆ ಹೊಸಬರಲ್ಲ. ಕ್ಯೂಬಾದ ಹವಾನಾದಿಂದ ಬರುತ್ತಿದ್ದ 'ಟ್ರೈಕಾಂಟಿನೆಂಟಲ್' ಪತ್ರಿಕೆಯ ಫ್ರೆಂಚ್ ಆವೃತ್ತಿಯನ್ನು ಅವರು ಪ್ರಕಟಿಸುತ್ತಿದ್ದರು. ಅದನ್ನೂ 1968ರಲ್ಲಿ ಇದೇ ತಿದ್ದುಪಡಿ ಹಿಡಿದು ನಿಷೇಧಿಸಿದ್ದರು. ಅವರು ಕೋರ್ಟಿಗೆ ಹೋದರು. ಕೇಸು ಫ್ರಾನ್ಸಿನ ಅತ್ಯುನ್ನತ ಆಡಳಿತ ನ್ಯಾಯಾಲಯದ ತನಕ ಹೋಯಿತು. ತೀರ್ಪು ಬಂದದ್ದು 1973ರ ನವೆಂಬರ್ 2ರಂದು, ಅಂದರೆ ಬೆಟಿ ಪುಸ್ತಕದ ನಿಷೇಧದ ನಂತರ.

ಮಾಸ್ಪೆರೋ ಸೋತರು. ಪತ್ರಿಕೆಯ ಸಾಮಗ್ರಿ ಹೊರದೇಶದಿಂದ ಬರುತ್ತದೆ, ಹಾಗಾಗಿ ಅದು ವಿದೇಶಿ ಮೂಲದ್ದೇ ಎಂದು ನ್ಯಾಯಾಲಯ ಹೇಳಿತು. ಆದರೆ ಅದೇ ತೀರ್ಪಿನಲ್ಲಿ ಒಂದು ಕಿಟಕಿ ತೆರೆಯಿತು. ಅಲ್ಲಿಯವರೆಗೆ ಮಂತ್ರಿಯ ತೀರ್ಮಾನ ಸರಿಯೋ ತಪ್ಪೋ ಎಂದು ನೋಡುವ ಕೆಲಸಕ್ಕೆ ನ್ಯಾಯಾಧೀಶರು ಕೈ ಹಾಕುತ್ತಿರಲಿಲ್ಲ. ಇನ್ನು ಮುಂದೆ ಆ ತೀರ್ಮಾನದಲ್ಲಿ ಎದ್ದು ಕಾಣುವ ತಪ್ಪು ಇದೆಯೇ ಎಂದು ನೋಡುತ್ತೇವೆ ಎಂದು ನ್ಯಾಯಾಲಯ ಒಪ್ಪಿಕೊಂಡಿತು. ಫ್ರಾನ್ಸಿನ ಕಾನೂನು ವಿದ್ಯಾರ್ಥಿಗಳು ಓದುವ 'ಮಾಸ್ಪೆರೋ ತೀರ್ಪು' ಇದೇ. ತನ್ನ ಪತ್ರಿಕೆ ಕಳೆದುಕೊಂಡ ಪ್ರಕಾಶಕನ ಹೆಸರಿನಲ್ಲಿ ಒಂದು ಹೊಸ ಹಕ್ಕು ಹುಟ್ಟಿತು. ಕೋರ್ಟಿನಲ್ಲಿ ಸೋಲುವುದಕ್ಕೂ ಬೆಲೆ ಇದೆ ಎಂದು ನಂಬಿ ಕೇಸು ಹಾಕುವವರು ಬಹಳ ಕಡಿಮೆ. ಆ ಧೈರ್ಯಕ್ಕೆ ದುಡ್ಡೂ ಬೇಕು, ವರ್ಷಗಳೂ ಬೇಕು.

ಬೆಟಿ ಕೇಸು ಇದಕ್ಕಿಂತ ಗಟ್ಟಿಯಾಗಿತ್ತು. ಹವಾನಾದ ಪತ್ರಿಕೆಯನ್ನು ವಿದೇಶಿ ಎನ್ನಬಹುದು. ರೂಆಂನ ಮೇಷ್ಟ್ರು ತನ್ನ ಮನೆಯಲ್ಲಿ ಕೂತು ಬರೆದದ್ದನ್ನು ಹೇಗೆ ಅನ್ನುತ್ತೀರಿ? ಲೇಖಕರು, ಪ್ರಕಾಶಕರು ಇಬ್ಬರೂ ಬಿಡದೆ ಹೋರಾಡಿದರು. 1976ರಲ್ಲಿ ನಿಷೇಧ ತೆರವಾಯಿತು. 1977ರಲ್ಲಿ ಮಾಸ್ಪೆರೋ ಪುಸ್ತಕವನ್ನು ಮತ್ತೆ ಅಚ್ಚು ಹಾಕಿದರು.

ಗೆದ್ದರು, ನಿಜ. ಆದರೆ ಈ ಗೆಲುವನ್ನು ನಾನು ದೊಡ್ಡದು ಮಾಡಿ ಹೇಳಲಾರೆ. ಅದು ಕಾಲದ ಜೊತೆ ಓಡಬೇಕಿದ್ದ ಪುಸ್ತಕ. 1972ರಲ್ಲಿ ಬಿಷಪ್ ಜೈಲಿನಲ್ಲಿದ್ದರು. ಓದಿದವರು ಅವರಿಗಾಗಿ ದನಿ ಎತ್ತಬಹುದಿತ್ತು. 1975ರಲ್ಲಿ ಅವರ ಬಿಡುಗಡೆಯೂ ಆಗಿಹೋಯಿತು. ಪುಸ್ತಕ ಅಂಗಡಿಗೆ ಬರುವ ಹೊತ್ತಿಗೆ ವಾಂಡಿಯೆ ಹೆಸರು ಪ್ಯಾರಿಸ್ಸಿನ ಬಹುಪಾಲು ಓದುಗರ ನೆನಪಿನಿಂದ ಜಾರಿತ್ತು. ನಿಷೇಧ ಅರ್ಧ ಕೆಲಸ ಮಾಡಿ ಮುಗಿಸಿತ್ತು.

ನಡುವಿನ ವರ್ಷಗಳಲ್ಲಿ ಪುಸ್ತಕ ಪೂರ್ತಿ ಸತ್ತಿರಲಿಲ್ಲ ಅನ್ನುವುದನ್ನೂ ಹೇಳಬೇಕು. 1974ರಲ್ಲಿ ಕೆನಡಾದ ಕ್ವೆಬೆಕ್‌ನಲ್ಲಿ ಒಂದು ಆವೃತ್ತಿ ಬಂತು. ಬೆಟಿ ಇನ್ನೊಂದು ದಾರಿಯನ್ನೂ ಹುಡುಕಿಕೊಂಡರು. ಪ್ರಬಂಧದಲ್ಲಿ ಹೇಳಲು ಬಿಡದಿದ್ದರೆ ಕಾದಂಬರಿಯಲ್ಲಿ ಹೇಳುತ್ತೇನೆ ಎಂದು ಹೊರಟರು. ಅದೇ ವರ್ಷ ಎರಡು ಕಾದಂಬರಿ ಬಂದವು. ಒಂದರ ಹೆಸರಿನಲ್ಲೇ ಕಾಡಿನಲ್ಲಿ ಕೊಲೆಯಾದ ನಾಯಕ ರೂಬೆನ್ ಇದ್ದಾರೆ. ಅವನ್ನು ಯಾರೂ ನಿಷೇಧಿಸಲಿಲ್ಲ. ಹದಿನಾರು ವರ್ಷ ಬತ್ತಿದ್ದ ಕಾದಂಬರಿಕಾರ ಮತ್ತೆ ಹರಿಯತೊಡಗಿದ್ದು ಹೀಗೆ.

ಮನೆ ಉಳಿದದ್ದು ಹೇಗೆ

ಈ ಕೇಸು ನಡೆಯುತ್ತಿದ್ದಾಗಲೇ ಮಾಸ್ಪೆರೋ ಅವರ ಕಾಲ ಕೆಳಗಿನ ನೆಲ ಕುಸಿಯುತ್ತಿತ್ತು. ಸರ್ಕಾರದ ದಂಡಗಳು ಒಂದು ಕಡೆ. ಇನ್ನೊಂದು ಕಡೆ ಅಂಗಡಿಯಲ್ಲಿ ಕಳ್ಳತನ. 1968ರ ವಿದ್ಯಾರ್ಥಿ ದಂಗೆಯ ನಂತರ ಪುಸ್ತಕ ಕದಿಯುವುದೇ ಕ್ರಾಂತಿ ಎಂದು ನಂಬಿದ ಯುವಕರು ಹುಟ್ಟಿಕೊಂಡಿದ್ದರು. ಕದಿಯಲು ಅವರು ಆರಿಸಿಕೊಂಡದ್ದು ಬಂಡವಾಳಶಾಹಿಯ ದೊಡ್ಡ ಮಳಿಗೆಯನ್ನಲ್ಲ, ಪೊಲೀಸರನ್ನು ಕರೆಯಲು ಮನಸ್ಸು ಮಾಡದ ಲಾ ಜ್ವಾ ದ ಲೀರ್ ಅಂಗಡಿಯನ್ನು. 1970ರ ದಶಕದ ಮಧ್ಯದಲ್ಲಿ ಅಂಗಡಿ ಕೈಬಿಟ್ಟಿತು. ಗೃಹಮಂತ್ರಿ ಮಾಡಲಾಗದ್ದನ್ನು ಅಂಗಡಿಯ ಓದುಗರೇ ಮಾಡಿದರು. ಇದನ್ನು ಬರೆಯುವಾಗ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

1982ರಲ್ಲಿ ಮಾಸ್ಪೆರೋ ಪ್ರಕಾಶನವನ್ನು ಫ್ರಾನ್ಸ್ವಾ ಗೆಜ್ ಅವರಿಗೆ ಒಪ್ಪಿಸಿ ಹೊರಟುಬಿಟ್ಟರು. ಗೆಜ್ ಓದಿದ್ದು ಗಣಿ ಎಂಜಿನಿಯರಿಂಗ್. ಬಡ ದೇಶಗಳ ಪರ ಚಳವಳಿಗಳಲ್ಲಿ ಇದ್ದವರು. 1983ರಲ್ಲಿ ಮನೆಯ ಹೆಸರು ಲಾ ದೆಕುವೆರ್ತ್ ಆಯಿತು. ಹಳೆಯ ಪ್ರವಾಸ ಕಥನಗಳಿಗೆ ಮಾಸ್ಪೆರೋ ಪ್ರಕಾಶನದಲ್ಲಿದ್ದ ಒಂದು ಮಾಲೆಯ ಹೆಸರು ಅದು. ಶೋಧನೆ ಎಂದು ಅರ್ಥ. ಮಾಸ್ಪೆರೋ ತಾವೇ ಲೇಖಕರಾದರು, ಅನುವಾದಕರಾದರು. 2015ರಲ್ಲಿ ತೀರಿಕೊಂಡರು.

ಗೆಜ್ ಮನೆಯನ್ನು ನಿಲ್ಲಿಸಿದ್ದು ಬೇರೆ ಬಗೆಯ ಪುಸ್ತಕಗಳಿಂದ. ಜಗತ್ತಿನ ಒಂದೊಂದು ದೇಶದ ಸ್ಥಿತಿ ಹೇಳುವ ವಾರ್ಷಿಕ ಸಂಪುಟ 1981ರಲ್ಲೇ ಶುರುವಾಗಿತ್ತು. 1983ರಿಂದ 'ರೆಪೇರ್' ಎಂಬ ಮಾಲೆ ಬಂತು. ಅರ್ಥಶಾಸ್ತ್ರ, ಸಮಾಜಶಾಸ್ತ್ರದ ಒಂದೊಂದು ವಿಷಯದ ಮೇಲೆ ಒಂದೊಂದು ತೆಳ್ಳನೆಯ ಪುಸ್ತಕ. ವಿದ್ಯಾರ್ಥಿಗಳು ವರ್ಷ ವರ್ಷ ಕೊಳ್ಳುವಂಥವು. ಇಂಥ ಪುಸ್ತಕಗಳ ಆದಾಯ ಇದ್ದಾಗಲೇ ಅಪಾಯದ ಪುಸ್ತಕಗಳಿಗೂ ಕೈ ಹಾಕಲು ಆಗುವುದು. 2001ರಲ್ಲಿ ಅಲ್ಜೀರಿಯಾ ಸೇನೆಯ ಮಾಜಿ ಅಧಿಕಾರಿ ಹಬೀಬ್ ಸುವಾಯ್ದಿಯಾ ತನ್ನದೇ ಸೇನೆಯ ದೌರ್ಜನ್ಯದ ಬಗ್ಗೆ ಬರೆದಾಗ ಅದನ್ನು ಪ್ರಕಟಿಸಿದ್ದು ಇದೇ ಲಾ ದೆಕುವೆರ್ತ್. ಆ ದೇಶದ ಮಾಜಿ ರಕ್ಷಣಾ ಮಂತ್ರಿ ಜನರಲ್ ಖಾಲೆದ್ ನೆಜ್ಜಾರ್ ಪ್ಯಾರಿಸ್ಸಿನಲ್ಲಿ ಲೇಖಕನ ಮೇಲೆ ಮಾನನಷ್ಟ ಕೇಸು ಹಾಕಿ 2002ರಲ್ಲಿ ಸೋತರು.

ಮಾಲೀಕತ್ವ ಮಾತ್ರ ಬದಲಾಗುತ್ತಾ ಹೋಯಿತು. 1998ರಲ್ಲಿ ಲಾ ದೆಕುವೆರ್ತ್ ಒಂದು ದೊಡ್ಡ ಪ್ರಕಾಶನ ಗುಂಪಿನ ಭಾಗವಾಯಿತು. ಈಗ ಅದು ಎಡಿಟಿಸ್ ಗುಂಪಿನಲ್ಲಿದೆ. ಆ ಗುಂಪಿನ ಒಡೆಯರೂ ಹಲವು ಬಾರಿ ಬದಲಾಗಿದ್ದಾರೆ. ಇದರ ಬಗ್ಗೆ ಕಳವಳ ಪಡುವವರು ಇದ್ದಾರೆ, ಅವರ ಕಳವಳ ಸರಿಯಾದದ್ದೇ.

1939ರ ತಿದ್ದುಪಡಿಗೆ ಸಾವು ಬಂದದ್ದು ಬಹಳ ತಡವಾಗಿ. ಫ್ರಾನ್ಸ್-ಸ್ಪೇನ್ ಗಡಿಯ ಬಾಸ್ಕ್ ನಾಡಿನ ಬಗ್ಗೆ ಬಂದ ಇನ್ನೊಂದು ಪುಸ್ತಕವನ್ನು 1988ರಲ್ಲಿ ಅದೇ ಅಸ್ತ್ರದಿಂದ ನಿಷೇಧಿಸಿದ್ದರು. 2001ರ ಜುಲೈ 17ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಆ ನಿಷೇಧ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದಿತು. 2004ರಲ್ಲಿ ಸರ್ಕಾರ ತಿದ್ದುಪಡಿಯನ್ನು ತೆಗೆದುಹಾಕಿತು. ಅರವತ್ತೈದು ವರ್ಷ ಬದುಕಿತ್ತು ಅದು.

ಬೆಟಿ ಅದನ್ನು ನೋಡಲಿಲ್ಲ. ಮೂವತ್ತೆರಡು ವರ್ಷದ ನಂತರ, 1991ರಲ್ಲಿ, ಅವರು ಮೊದಲ ಬಾರಿಗೆ ತಾಯ್ನಾಡಿಗೆ ಹೋದರು. 1994ರಲ್ಲಿ ನಿವೃತ್ತಿಯಾದ ಮೇಲೆ ಯಾವುಂಡೆಯಲ್ಲೇ ನೆಲೆಸಿ ಒಂದು ಪುಸ್ತಕದಂಗಡಿ ತೆರೆದರು. 2001ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

2010ರಲ್ಲಿ ಲಾ ದೆಕುವೆರ್ತ್ ಅವರ ನಿಷೇಧಿತ ಪುಸ್ತಕವನ್ನು ಪಾಕೆಟ್ ಆವೃತ್ತಿಯಲ್ಲಿ ಮತ್ತೆ ತಂದಿತು. ಮರುವರ್ಷ ಕ್ಯಾಮರೂನಿನ ಆ ಮರೆತ ಯುದ್ಧದ ಬಗ್ಗೆ ಮೂವರು ಲೇಖಕರು ಸೇರಿ ಬರೆದ ದಪ್ಪ ಇತಿಹಾಸವನ್ನೂ ಪ್ರಕಟಿಸಿತು. 2025ರ ಜನವರಿಯಲ್ಲಿ ಫ್ರಾನ್ಸ್, ಕ್ಯಾಮರೂನ್ ಎರಡೂ ದೇಶಗಳ ಇತಿಹಾಸಕಾರರ ಆಯೋಗ ತನ್ನ ವರದಿ ಕೊಟ್ಟಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಫ್ರಾನ್ಸಿನ ಅಧ್ಯಕ್ಷ ಮಾಕ್ರೋಂ ಕ್ಯಾಮರೂನಿನ ಅಧ್ಯಕ್ಷರಿಗೆ ಬರೆದ ಪತ್ರ ಹೊರಬಂತು. ಅಲ್ಲಿ ನಡೆದದ್ದು ಯುದ್ಧ, ಸ್ವಾತಂತ್ರ್ಯದ ನಂತರವೂ ಅದು ಮುಂದುವರಿಯಿತು, ಫ್ರೆಂಚ್ ಸೇನೆ ಅದರಲ್ಲಿತ್ತು ಎಂದು ಆ ಪತ್ರ ಒಪ್ಪಿಕೊಳ್ಳುತ್ತದೆ. ರೂಆಂನ ಮೇಷ್ಟ್ರು ಅದನ್ನು ಬರೆದು 53 ವರ್ಷವಾಗಿತ್ತು.